ಎರಡೂ ಬದಿಗೆ ಬೆಲೆ ಹೇಳಿ ನಿಲ್ಲುವ ಕೆಲಸ

ಗುರುವಾರ, 19 ಸೆಪ್ಟೆಂಬರ್ 2024

ನಿನ್ನೆ ವಾಷಿಂಗ್ಟನ್ ಸಮಯ ಮಧ್ಯಾಹ್ನ 2 ಗಂಟೆಗೆ ಅಮೆರಿಕದ ಕೇಂದ್ರೀಯ ಬ್ಯಾಂಕ್ ಆದ ಫೆಡರಲ್ ರಿಸರ್ವ್ (ಫೆಡ್) ಬಡ್ಡಿ ದರವನ್ನು ಶೇ 0.50ರಷ್ಟು ಇಳಿಸಿತು. ಶೇ 5.25–5.50 ಇದ್ದ ದರ ಶೇ 4.75–5.00ಕ್ಕೆ ಬಂತು. ಇಳಿಕೆ ಆಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಳಿಕೆ ಎಷ್ಟು ಎಂಬುದಷ್ಟೇ ಪ್ರಶ್ನೆಯಾಗಿತ್ತು. ಅರ್ಥಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಶೇ 0.25 ಎನ್ನುತ್ತಿದ್ದರು, ಮುಂದಿನ ದರದ ಮೇಲೆ ವಹಿವಾಟು ನಡೆಯುವ ಫ್ಯೂಚರ್ಸ್ ಮಾರುಕಟ್ಟೆ ಮಾತ್ರ ಕೊನೆಯ ದಿನಗಳಲ್ಲಿ 0.50ರ ಕಡೆಗೆ ವಾಲಿತ್ತು. ದರ ನಿರ್ಧರಿಸುವ ಫೆಡ್ ಸಮಿತಿಯೊಳಗೂ ಒಮ್ಮತವಿರಲಿಲ್ಲ: 11 ಮಂದಿ ಪರ, ಒಬ್ಬರು ವಿರುದ್ಧ. ಭಿನ್ನಮತ ದಾಖಲಿಸಿದ ಮಿಶೆಲ್ ಬೌಮನ್ ಶೇ 0.25 ಸಾಕು ಎಂದರು. ಫೆಡ್ ಗವರ್ನರ್ ಒಬ್ಬರು ಹೀಗೆ ದರ ನಿರ್ಧಾರದ ವಿರುದ್ಧ ಮತ ಹಾಕಿದ್ದು 2005ರ ನಂತರ ಇದೇ ಮೊದಲು.

ಮುಂದೆ ನಡೆಯುವ ಘಟನೆಗಳ ಮೇಲೆ ಜನ ಹಣ ಹೂಡುವ ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ ಲಿಕ್ವಿಡಿಟಿ ಒದಗಿಸುವವರಿಗೆ, ಅಂದರೆ ಕೊಳ್ಳಲೂ ಮಾರಲೂ ಬೆಲೆ ಹೇಳಿ ನಿಲ್ಲುವ ನನ್ನಂಥವರಿಗೆ, ಇಂಥ ಪ್ರಶ್ನೆ ಬಲು ಆಕರ್ಷಕ, ಅಷ್ಟೇ ಅಪಾಯಕಾರಿ. ಉತ್ತರ ಸರಿಸುಮಾರು ಮಧ್ಯದಲ್ಲಿ ತೂಗುತ್ತಿರುತ್ತದೆ, ಕೊಳ್ಳುವವರೂ ಮಾರುವವರೂ ಬರುತ್ತಲೇ ಇರುತ್ತಾರೆ, ಎರಡು ಬೆಲೆಗಳ ವ್ಯತ್ಯಾಸದ ಹಣ ಹನಿಹನಿಯಾಗಿ ಸೇರುತ್ತದೆ. ಆಮೇಲೆ ಒಂದು ನಿಗದಿತ ನಿಮಿಷದಲ್ಲಿ ಬೆಲೆ ಒಂದು ತುದಿಗೆ ಹಾರುತ್ತದೆ. ನಾನು 2 ಗಂಟೆಗೆ ಬಹಳ ಮುಂಚೆಯೇ ನನ್ನ ಎಲ್ಲ ಆರ್ಡರ್‌ಗಳನ್ನು ಹಿಂತೆಗೆದುಕೊಂಡು, ಪ್ರಕಟಣೆಯ ಹೊತ್ತಿನಲ್ಲಿ ಆರ್ಡರ್ ಬುಕ್ (ಕೊಳ್ಳುವ, ಮಾರುವ ಆರ್ಡರ್‌ಗಳ ಪಟ್ಟಿ) ಹೇಗೆ ವರ್ತಿಸುತ್ತದೆ ಎಂದು ನೋಡುತ್ತ ಕುಳಿತಿದ್ದೆ. ಎರಡು ಗಂಟೆ ಸಮೀಪಿಸಿದಂತೆ ಎರಡೂ ಬದಿಯ ಆರ್ಡರ್‌ಗಳು ತೆಳ್ಳಗಾಗುತ್ತ ಹೋದವು. ಪ್ರಕಟಣೆ ಹೊರಬಿದ್ದ ಕೂಡಲೇ, ಹಳೆಯ ಬೆಲೆಯಲ್ಲೇ ಉಳಿದಿದ್ದ ಆರ್ಡರ್‌ಗಳನ್ನು ವೇಗದ ಪ್ರೋಗ್ರಾಂಗಳು ಕ್ಷಣಾರ್ಧದಲ್ಲಿ ಬಾಚಿಕೊಂಡವು.

ಕೆಲವು ದಿನಗಳ ಹಿಂದೆ ಗೆಳೆಯನೊಬ್ಬ ಕೇಳಿದ್ದ: "ಇದರಲ್ಲಿ ಹಣ ಇಟ್ಟರೆ ವರ್ಷಕ್ಕೆ ಎಷ್ಟು ಬಡ್ಡಿ ಬರುತ್ತದೆ?" ಅವನಿಗೆ ಆಗ ಅರ್ಧಂಬರ್ಧ ಹೇಳಿದ್ದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ. ಈ ಹಣಕ್ಕೆ ಬಡ್ಡಿ ಎಂಬ ಹೆಸರು ಹಚ್ಚುವುದೇ ಜನರನ್ನು ಹಾಳು ಮಾಡುತ್ತಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ಹಳೆಯ ಮಾದರಿಯಾದ ಪೂಲ್, ಅಂದರೆ ಒಟ್ಟಿಗೆ ಕೂಡಿಟ್ಟ ಹಣಕ್ಕೆ ಸೂತ್ರವೇ ಬೆಲೆ ಹೇಳುವ ವ್ಯವಸ್ಥೆ, ತೆಗೆದುಕೊಳ್ಳೋಣ. ಹೌದು–ಇಲ್ಲ ಪ್ರಶ್ನೆಯೊಂದಕ್ಕೆ 100 ಡಾಲರ್ ಬೆಲೆಯ ಯುಎಸ್‌ಡಿಸಿ (ಒಂದು ಡಾಲರ್‌ಗೆ ಸಮವಾಗಿರಲೆಂದು ಮಾಡಿದ ಕ್ರಿಪ್ಟೊ ನಾಣ್ಯ) ಹಾಕಿದರೆ, ಸ್ಮಾರ್ಟ್ ಕಾಂಟ್ರಾಕ್ಟ್, ಅಂದರೆ ತಾನಾಗಿ ನಡೆಯುವ ಪ್ರೋಗ್ರಾಂ, ಅದನ್ನು 100 'ಹೌದು' ಟೋಕನ್ ಮತ್ತು 100 'ಇಲ್ಲ' ಟೋಕನ್ ಆಗಿ ಒಡೆಯುತ್ತದೆ. ಗೆದ್ದ ಬದಿಯ ಟೋಕನ್‌ಗೆ ಕೊನೆಯಲ್ಲಿ ಒಂದು ಡಾಲರ್, ಸೋತ ಬದಿಗೆ ಸೊನ್ನೆ. ಪೂಲ್‌ನಲ್ಲಿರುವ ಎರಡು ಬಗೆಯ ಟೋಕನ್‌ಗಳ ಗುಣಲಬ್ಧ ಬದಲಾಗಬಾರದು ಎಂಬುದು ನಿಯಮ. ಇಲ್ಲಿ ಅದು 10,000. ಜನ 'ಹೌದು' ಕೊಳ್ಳುತ್ತ ಹೋದಂತೆ ಪೂಲ್‌ನಲ್ಲಿ 'ಹೌದು' ಕರಗಿ 'ಇಲ್ಲ' ತುಂಬಿಕೊಳ್ಳುತ್ತದೆ. 'ಹೌದು' ಬೆಲೆ 80 ಸೆಂಟ್ ಮುಟ್ಟಿದಾಗ ಉಳಿಯುವುದು 50 'ಹೌದು', 200 'ಇಲ್ಲ'. ಆಗ 'ಇಲ್ಲ' ಬೆಲೆ 20 ಸೆಂಟ್, ಎರಡೂ ಸೇರಿ ಬೆಲೆ 80 ಡಾಲರ್. ಬೆಲೆ 90 ಸೆಂಟ್ ಆದರೆ 60 ಡಾಲರ್. 99 ಸೆಂಟ್ ಆದರೆ ಹೆಚ್ಚುಕಡಿಮೆ 20 ಡಾಲರ್. ಅಲ್ಲಿಂದ ಪ್ರಶ್ನೆ 'ಹೌದು' ಎಂದೇ ತೀರ್ಮಾನವಾದರೆ ಕೈಗೆ ಬರುವುದು ಸುಮಾರು 10 ಡಾಲರ್, ಜೊತೆಗೆ ಯಾರಿಗೂ ಬೇಡವಾದ ಸಾವಿರದಷ್ಟು 'ಇಲ್ಲ' ಟೋಕನ್.

ಸಾಮಾನ್ಯ ಕ್ರಿಪ್ಟೊ ಪೂಲ್‌ಗಳಲ್ಲಿ ಇಂಥ ನಷ್ಟವನ್ನು ತಾತ್ಕಾಲಿಕ ಎನ್ನುತ್ತಾರೆ, ಏಕೆಂದರೆ ಬೆಲೆ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ನಷ್ಟವೂ ಅಳಿಸಿಹೋಗುತ್ತದೆ. ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ ಬೆಲೆ ಮರಳುವುದಿಲ್ಲ. ಅದು ಒಂದಕ್ಕೋ ಸೊನ್ನೆಗೋ ಹೋಗಿ ಸೇರಲೇಬೇಕು. ಮಾರುಕಟ್ಟೆ ಹುಟ್ಟಿರುವುದೇ ಅದಕ್ಕಾಗಿ. ಅಂದರೆ ಕೊನೆಯವರೆಗೆ ಕುಳಿತವನ ನಷ್ಟ ಮೊದಲೇ ಬರೆದಿಟ್ಟಂತೆ. ಅವನು ಪಡೆಯುವ ಶುಲ್ಕ ಆ ನಷ್ಟವನ್ನು ಮೀರಿಸಬೇಕು, ಮೀರಿಸುವಷ್ಟು ವಹಿವಾಟು ನಡೆಯಬೇಕು, ಅಥವಾ ಅವನು ಸಮಯಕ್ಕೆ ಎದ್ದು ಬರಬೇಕು. ಬೇರೆ ದಾರಿ ಇಲ್ಲ.

ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಾಬಿನ್ ಹ್ಯಾನ್ಸನ್ ಇದನ್ನು ನೋಡಿದ ಬಗೆ ನನಗೆ ತುಂಬ ಇಷ್ಟ. 2000ದ ದಶಕದ ಆರಂಭದಲ್ಲಿ, ಬ್ಲಾಕ್‌ಚೈನ್ ಹುಟ್ಟುವುದಕ್ಕೆ ಮೊದಲೇ, ಅವರು ಲಾಗರಿದಮ್ ಆಧಾರಿತ ಸ್ವಯಂಚಾಲಿತ ಬೆಲೆ ಸೂತ್ರವೊಂದನ್ನು ಕೊಟ್ಟರು. ಅದರಲ್ಲಿ ಮಾರುಕಟ್ಟೆ ತೆರೆದವರು ಹಣ ಕಳೆದುಕೊಳ್ಳುವುದು ಸಹಜ ಎಂದೇ ಇಟ್ಟುಕೊಂಡಿದ್ದಾರೆ. ಸೂತ್ರ ಮಾಡುವುದು ಆ ನಷ್ಟಕ್ಕೆ ಮಿತಿ ಹಾಕುವ ಕೆಲಸವನ್ನು. ಎರಡು ಉತ್ತರಗಳ ಪ್ರಶ್ನೆಗೆ ಲಿಕ್ವಿಡಿಟಿ ಪ್ರಮಾಣ 100 ಎಂದು ಇಟ್ಟರೆ, ಸಮಬಲದಿಂದ ಶುರುವಾದ ಮಾರುಕಟ್ಟೆಯಲ್ಲಿ ಏನೇ ಆದರೂ ನಷ್ಟ 69.3 ಡಾಲರ್ ದಾಟುವುದಿಲ್ಲ. ಆ ಮೊತ್ತ ಪ್ರಶ್ನೆಗೆ ಉತ್ತರ ಪಡೆಯಲು ಕೊಡುವ ದರ. ಉತ್ತರ ತಿಳಿದವರು ಬಂದು ಬೆಲೆ ಸರಿಪಡಿಸಿ ಆ ಹಣ ಒಯ್ಯುತ್ತಾರೆ, ಕೇಳಿದವರಿಗೆ ಸಂಭಾವ್ಯತೆ ಸಿಗುತ್ತದೆ. ಸಂಸ್ಥೆಯೊಂದು ತನಗೆ ಬೇಕಾದ ಮಾಹಿತಿಗೆ ಹೀಗೆ ಹಣ ಕೊಡುವುದು ಸರಿ. ಆದರೆ ಅದೇ ನಷ್ಟದ ಜಾಗದಲ್ಲಿ ಸಾಮಾನ್ಯ ಉಳಿತಾಯಗಾರನನ್ನು ಕೂರಿಸಿ, ಅವನಿಗೆ ವಾರ್ಷಿಕ ಶೇಕಡಾವಾರು ಗಳಿಕೆಯ ದೊಡ್ಡ ಅಂಕಿ ತೋರಿಸುವುದು ನ್ಯಾಯವಲ್ಲ.

ಪ್ರಿಡಿಕ್ಷನ್ ಮಾರ್ಕೆಟ್ ವೇದಿಕೆಯಾದ ಪಾಲಿಮಾರ್ಕೆಟ್ ಶುರುವಾದದ್ದು 2020ರಲ್ಲಿ, ಪೂಲ್ ಮಾದರಿಯಲ್ಲೇ. ಈಗ ಅಲ್ಲಿರುವುದು ಆರ್ಡರ್ ಬುಕ್, ನನಗೆ ಇದೇ ಮೇಲು. ಪೂಲ್‌ನಲ್ಲಿ ಹಣ ಎಲ್ಲ ಬೆಲೆಗಳ ಮೇಲೂ ಹರಡಿ ಸುಮ್ಮನೆ ಬಿದ್ದಿರುತ್ತದೆ; ಇಲ್ಲಿ ಯಾವ ಬೆಲೆಗೆ ಎಷ್ಟು ಎಂದು ನಾನೇ ಹೇಳುತ್ತೇನೆ, ಬೇಡವಾದಾಗ ತೆಗೆಯುತ್ತೇನೆ. 'ಹೌದು' ಟೋಕನ್ನನ್ನು 54 ಸೆಂಟ್‌ಗೆ ಕೊಳ್ಳಲು ಒಂದು ಆರ್ಡರ್, 'ಇಲ್ಲ' ಟೋಕನ್ನನ್ನು 43 ಸೆಂಟ್‌ಗೆ ಕೊಳ್ಳಲು ಇನ್ನೊಂದು. 'ಇಲ್ಲ' 43ಕ್ಕೆ ಕೊಳ್ಳುವುದೂ 'ಹೌದು' 57ಕ್ಕೆ ಮಾರುವುದೂ ಒಂದೇ. ಎರಡೂ ಆರ್ಡರ್ ತುಂಬಿದರೆ ನನ್ನ ಖರ್ಚು 97 ಸೆಂಟ್. ಜೋಡಿ ಟೋಕನ್‌ಗಳನ್ನು ಕೂಡಿಸಿ ಕೊಟ್ಟರೆ ಕಾಂಟ್ರಾಕ್ಟ್ ಒಂದು ಡಾಲರ್ ಮರಳಿಸುತ್ತದೆ. ಯಾರು ಗೆದ್ದರೂ ನನಗೆ 3 ಸೆಂಟ್ ಉಳಿಯಿತು. ಇದರ ಜೊತೆಗೆ ಮಧ್ಯದ ಬೆಲೆಗೆ ಹತ್ತಿರ, ಎರಡೂ ಬದಿಗೆ ಆರ್ಡರ್ ಇಟ್ಟವರಿಗೆ ವೇದಿಕೆ ಬಹುಮಾನವನ್ನೂ ಹಂಚುತ್ತದೆ.

ತೊಂದರೆ ಇರುವುದು ಒಂದೇ ಬದಿ ತುಂಬಿದಾಗ. 54ಕ್ಕೆ ಕೊಂಡ 'ಹೌದು' ಸೊನ್ನೆಯಾದರೆ, ಹದಿನೆಂಟು ಜೋಡಿಗಳಿಂದ ಬಂದ ಗಳಿಕೆ ಒಂದೇ ಹೊಡೆತಕ್ಕೆ ಹೋಗುತ್ತದೆ. ಒಂದೇ ಬದಿ ತುಂಬುವುದು ಕಾಕತಾಳೀಯವೂ ಅಲ್ಲ. ನನಗಿಂತ ಹೆಚ್ಚು ತಿಳಿದವನು ನನ್ನ ಎರಡು ಬೆಲೆಗಳಲ್ಲಿ ತಪ್ಪಾದದ್ದನ್ನಷ್ಟೇ ಆರಿಸುತ್ತಾನೆ. ಅರ್ಥಶಾಸ್ತ್ರಜ್ಞರಾದ ಗ್ಲಾಸ್ಟನ್ ಮತ್ತು ಮಿಲ್ಗ್ರಾಮ್ 1985ರಲ್ಲಿ ಷೇರು ಮಾರುಕಟ್ಟೆಯ ಬಗ್ಗೆ ತೋರಿಸಿದ್ದು ಇದನ್ನೇ: ಕೊಳ್ಳುವ ಮಾರುವ ಬೆಲೆಗಳ ನಡುವಿನ ಅಂತರವು ಬಲ್ಲವರಿಂದ ಆಗುವ ನಷ್ಟವನ್ನು ತಿಳಿಯದವರಿಂದ ತುಂಬಿಕೊಳ್ಳಲು ಇರುವಂಥದ್ದು. ಹಾಗಾಗಿ ನನ್ನ ಮುಖ್ಯ ಪ್ರಶ್ನೆ ಯಾವಾಗಲೂ ಒಂದೇ: ಈ ವಿಷಯ ನನಗಿಂತ ಮೊದಲು ಯಾರಿಗೆ ಗೊತ್ತಾಗುತ್ತದೆ, ಯಾವಾಗ?

ಫೆಡ್ ಪ್ರಶ್ನೆಯಲ್ಲಿ 'ಯಾವಾಗ' ಎಂಬುದು ನಿಮಿಷದ ಲೆಕ್ಕದಲ್ಲಿ ತಿಳಿದಿರುತ್ತದೆ. ಅದಕ್ಕೇ ಅಲ್ಲಿ ನಾನು ಧೈರ್ಯವಾಗಿ ನಿಲ್ಲುತ್ತೇನೆ, ನಿಶ್ಚಿಂತೆಯಿಂದ ಹೊರಡುತ್ತೇನೆ. ಜುಲೈ 21ನ್ನು ನೆನಪಿಸಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಅದೊಂದು ಭಾನುವಾರ, ಜೋ ಬೈಡನ್ ಅಧ್ಯಕ್ಷೀಯ ಕಣದಿಂದ ಹಿಂದೆ ಸರಿಯುವ ಪತ್ರವನ್ನು ಎಕ್ಸ್‌ನಲ್ಲಿ ಹಾಕಿದರು. ಜೂನ್ 27ರ ಚರ್ಚೆಯ ನಂತರ ಅನುಮಾನ ದಟ್ಟವಾಗಿತ್ತು ನಿಜ, ಆದರೆ ಆ ಗಳಿಗೆಗೆ ಯಾವ ವೇಳಾಪಟ್ಟಿಯೂ ಇರಲಿಲ್ಲ. ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ಉತ್ತರವಿರುವ ಪ್ರಶ್ನೆಗಳಲ್ಲಿ ನಾನು ಆರ್ಡರ್ ಇಡುವುದಿಲ್ಲ, ಬಹುಮಾನ ಎಷ್ಟೇ ಇರಲಿ.

ತೀರ್ಮಾನದ ಅಪಾಯ ಇನ್ನೊಂದು ಬಗೆಯದು. ಪಾಲಿಮಾರ್ಕೆಟ್‌ನಲ್ಲಿ ವಿವಾದ ಎದ್ದರೆ ಅಂತಿಮ ಮಾತು ಯುಎಂಎ ಎಂಬ ವಿವಾದ ತೀರ್ಮಾನಿಸುವ ವ್ಯವಸ್ಥೆಯ ಟೋಕನ್ ಹೊಂದಿದವರ ಮತದಾನದ್ದು. ಜುಲೈನ ವೆನೆಜುವೆಲಾ ಚುನಾವಣೆಯಲ್ಲಿ ಅಲ್ಲಿನ ಚುನಾವಣಾ ಮಂಡಳಿ ಅಧಿಕಾರದಲ್ಲಿದ್ದ ಅಧ್ಯಕ್ಷ ಮಡುರೊ ಗೆದ್ದರು ಎಂದು ಘೋಷಿಸಿತು. ಮತದಾನ ಮಾಡಿದ ಟೋಕನ್‌ದಾರರು ವಿರೋಧ ಪಕ್ಷದ ಅಭ್ಯರ್ಥಿ ಎಡ್ಮುಂಡೊ ಗೊನ್ಸಾಲೆಸ್ ಪರವಾಗಿ ತೀರ್ಮಾನಿಸಿದರು. ನಿಯಮದಲ್ಲಿ ಅಧಿಕೃತ ಮಾಹಿತಿಯ ಮಾತೂ ಇತ್ತು, ವಿಶ್ವಾಸಾರ್ಹ ವರದಿಗಳ ಮಾತೂ ಇತ್ತು. ಯಾವ ತೀರ್ಮಾನ ಸರಿ ಎಂಬ ವಾದ ಬೇರೆ. ಬೆಲೆ ಹೇಳಿ ನಿಂತವನ ಮಟ್ಟಿಗೆ, ಅಲ್ಲಿ ತೂಗುತ್ತಿದ್ದದ್ದು ಚುನಾವಣೆಯ ಫಲಿತಾಂಶ ಮತ್ತು ನಿಯಮದ ವಾಕ್ಯ ಎರಡೂ. ಪ್ರಶ್ನೆಯ ಶೀರ್ಷಿಕೆ ಓದಿ ಹಣ ಇಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆಳಗಿನ ನಿಯಮಗಳನ್ನು ಪದಪದ ಓದಬೇಕು.

ಯುಎಸ್‌ಡಿಸಿಯನ್ನೂ ಡಾಲರ್ ಎಂದೇ ಬರೆಯುತ್ತ ಬಂದಿದ್ದೇನೆ. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದಾಗ, ಆ ನಾಣ್ಯದ ಮೀಸಲಿನ 330 ಕೋಟಿ ಡಾಲರ್ ಅಲ್ಲಿ ಸಿಕ್ಕಿಕೊಂಡು, ಬೆಲೆ ಕೆಲಕಾಲ 90 ಸೆಂಟ್‌ಗಿಂತ ಕೆಳಗಿಳಿದಿತ್ತು. 3 ಸೆಂಟ್ ಅಂತರಕ್ಕೆ ದುಡಿಯುವವರು ಇದನ್ನೂ ಲೆಕ್ಕದಲ್ಲಿ ಇಟ್ಟುಕೊಂಡಿರಬೇಕು.

ಇಷ್ಟಿದ್ದೂ ಏಕೆ ಈ ಕೆಲಸ? ನಿನ್ನೆ ಬೆಳಿಗ್ಗೆ ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಮಾರುಕಟ್ಟೆಯ ಆ ಪ್ರಶ್ನೆಯ ಪುಟ ತೆರೆದು, ಅರ್ಧ ಶೇಕಡಾ ಇಳಿಕೆಯ ಸಾಧ್ಯತೆ ಎಷ್ಟು ಎಂದು ಒಂದು ಅಂಕಿಯಲ್ಲಿ ನೋಡಬಹುದಿತ್ತು. ಎರಡೂ ಬದಿಗೆ ಬೆಲೆ ಹೇಳುವವರು ಇಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಯಾರೋ ಒಬ್ಬ ನೂರು ಡಾಲರ್‌ನಲ್ಲಿ ಅದನ್ನು ಹತ್ತು ಸೆಂಟ್ ಅತ್ತಿತ್ತ ಸರಿಸಬಲ್ಲ. 2018ರಲ್ಲಿ ಇಥೀರಿಯಂ ಬ್ಲಾಕ್‌ಚೈನ್ ಮೇಲೆ ಬಂದ ಆಗರ್ ಎಂಬ ಪ್ರಿಡಿಕ್ಷನ್ ಮಾರ್ಕೆಟ್ ವೇದಿಕೆಯ ಎಷ್ಟೋ ಮಾರುಕಟ್ಟೆಗಳು ಹೀಗೆ ಖಾಲಿ ಆರ್ಡರ್ ಬುಕ್ ಇಟ್ಟುಕೊಂಡೇ ಮುಗಿದವು. ಒಳ್ಳೆಯ ಪ್ರಶ್ನೆಗಳಿದ್ದವು, ನಿಲ್ಲುವವರು ಇರಲಿಲ್ಲ.

ಫೆಡ್‌ನ ಮುಂದಿನ ಸಭೆ ನವೆಂಬರ್ 6 ಮತ್ತು 7ರಂದು. ಅಮೆರಿಕದ ಅಧ್ಯಕ್ಷೀಯ ಚುನಾವಣೆ ಅದಕ್ಕೆ ಮುಂಚೆ, 5ರಂದು. ಈ ಸಲ ಎದ್ದು ಹೊರಡುವ ಗಂಟೆ ಎರಡು: ಮತ ಎಣಿಕೆಯ ರಾತ್ರಿ ಒಂದು, 7ರ ಮಧ್ಯಾಹ್ನ ಇನ್ನೊಂದು. ಸದ್ಯಕ್ಕೆ ಅಂತರವನ್ನು 3 ಸೆಂಟ್‌ನಿಂದ 5ಕ್ಕೆ ಅಗಲಿಸಿ, ಮೊತ್ತವನ್ನು ಅರ್ಧಕ್ಕೆ ಇಳಿಸಿ ಇಡಬೇಕೆಂದುಕೊಂಡಿದ್ದೇನೆ. ನಾಳೆ ಮೊದಲು ನವೆಂಬರ್‌ನ ಫೆಡ್ ಪ್ರಶ್ನೆಯ ನಿಯಮ ಓದಬೇಕು. ಫೆಡ್ ಸಭೆಯ ದಿನಾಂಕ ಬದಲಾದರೆ ಏನು ಎಂಬ ವಾಕ್ಯ ಅದರಲ್ಲಿ ಇದೆಯೇ ಎಂದು ಹುಡುಕಬೇಕು.