ಗಿಡ ಆಮೇಲೆ, ಮೊದಲು ಎಣಿಸಿ

ಮೇ ತಿಂಗಳಲ್ಲಿ ಒಂದು ದಿನ ಊರಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಊರು ಅಂದರೆ ಕೋಲಾರ ಜಿಲ್ಲೆ, ಮುಳಬಾಗಿಲು ಕಡೆಯ ಒಂದು ಹಳ್ಳಿ. ನಾವಿಬ್ಬರೂ ಓದಿದ ಸರ್ಕಾರಿ ಶಾಲೆಯಲ್ಲೇ ಅವನ ಮಗನೂ ಓದುತ್ತಾನೆ. ಈಗ ಅವನು ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ.

"ಅಕ್ಕಾ, ಜೂನ್ ಐದಕ್ಕೆ ಶಾಲೇಲಿ ಇನ್ನೂರು ಗಿಡ ನೆಡ್ತಾ ಇದೀವಿ. ನಿನ್ನ ಹೆಸರಿಗೆ ಎಷ್ಟು ಬರ್ಕೊಳ್ಲಿ?"

ನನಗೆ ತಕ್ಷಣ ಹೂಂ ಅನ್ನಲು ಬಾಯಿ ಬರಲಿಲ್ಲ. ಆ ಶಾಲೆಯಲ್ಲಿ ನಾನೂ ಗಿಡ ನೆಟ್ಟವಳೇ. ವನಮಹೋತ್ಸವಕ್ಕೆ ನಾವು ಗುಂಡಿ ತೋಡುವ ಕಷ್ಟವೇ ಪಡುತ್ತಿರಲಿಲ್ಲ. ಹೋದ ವರ್ಷದ ಗುಂಡಿ ಹಾಗೇ ಕಾದಿರುತ್ತಿತ್ತು, ಸಸಿ ಮಾತ್ರ ಇರುತ್ತಿರಲಿಲ್ಲ. ಬಿಸಿಲಿಗೆ ಒಣಗಿದ್ದು ಕೆಲವು, ಮೇಕೆ ತಿಂದಿದ್ದು ಹಲವು.

"ಶಾಲೇಲಿ ನೀರಿದ್ಯೇನೋ?" ಅಂದೆ.

"ಬೋರಿಂದ ಎರಡು ದಿನಕ್ಕೊಂದ್ಸಲ ಬಿಡ್ತಾರೆ."

"ಮತ್ತೆ ಇನ್ನೂರು ಗಿಡಕ್ಕೆ?"

"ಅದು ಆಮೇಲೆ ನೋಡ್ಕೊಳ್ಳೋಣ ಬಿಡಕ್ಕ."

ಇಲ್ಲಿ ಡಬ್ಲಿನ್‌ನಲ್ಲಿ ನನ್ನ ಮಗಳ ಶಾಲೆಯನ್ನು ನೋಡದೇ ಇದ್ದಿದ್ದರೆ ನಾನೂ ದುಡ್ಡು ಕಳಿಸಿ ಸುಮ್ನೆ ಇದ್ದುಬಿಡುತ್ತಿದ್ದೆ. ಐರ್ಲೆಂಡಿನಲ್ಲಿ ಗ್ರೀನ್ ಸ್ಕೂಲ್ಸ್ ಅಂತ ಒಂದು ಕಾರ್ಯಕ್ರಮ ಇದೆ. 1994ರಲ್ಲಿ ಶುರುವಾದ ಇಕೋ ಸ್ಕೂಲ್ಸ್ ಅನ್ನೋ ಅಂತರರಾಷ್ಟ್ರೀಯ ಯೋಜನೆಯ ಇಲ್ಲಿನ ರೂಪ ಅದು. ಅದರಲ್ಲಿ ಏಳು ಹಂತಗಳು. ಮೊದಲು ಒಂದು ಸಮಿತಿ, ಅದರಲ್ಲಿ ಮಕ್ಕಳೇ ಜಾಸ್ತಿ. ಎರಡನೆಯದು ಶಾಲೆಯ ತಪಾಸಣೆ. ಏನು ಮಾಡಬೇಕು ಅನ್ನೋ ಯೋಜನೆ ಅದಾದ ಮೇಲೆ. ಗೆದ್ದರೆ ಹಸಿರು ಬಾವುಟ ಸಿಗುತ್ತದೆ. ಅದೂ ಶಾಶ್ವತ ಅಲ್ಲ, ಎರಡು ವರ್ಷಕ್ಕೊಮ್ಮೆ ಮತ್ತೆ ಗಳಿಸಬೇಕು. ವಿಷಯಗಳೂ ಸರದಿಯಲ್ಲಿ ಬರುತ್ತವೆ: ಕಸ, ಕರೆಂಟು, ನೀರು, ಓಡಾಟ. ಗಿಡ, ಹಕ್ಕಿ, ಹುಳುಗಳ ಸರದಿ ಐದನೆಯದು. ನಾವು ಮಾತ್ರ ಐದನೆಯದರಿಂದಲೇ ಶುರು ಮಾಡುವವರು, ಅಲ್ವಾ?

ಮಗಳು ಸಮಿತಿಗೆ ಸೇರಿದಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ವಾರಗಟ್ಟಲೆ ಕಸದ ಬುಟ್ಟಿ ತೂಗುವುದೇ ಕೆಲಸ. ತೂಕ ಬರೆದಿದ್ದು ನೋಡಿದರೆ ಕಾಗದಕ್ಕಿಂತ ಒಂದೇ ಒಂದು ಸಲ ಕಚ್ಚಿ ಬಿಸಾಡಿದ ಸೇಬುಗಳದ್ದೇ ಭಾರ. ಮಕ್ಕಳೇ ಒಂದು ನಿಯಮ ಮಾಡಿದರು: ತಿನ್ನದೆ ಉಳಿದಿದ್ದು ಡಬ್ಬಿಯಲ್ಲೇ ಮನೆಗೆ ವಾಪಸ್. ಅವತ್ತು ಸಂಜೆ ಕಂದು ಬಣ್ಣಕ್ಕೆ ತಿರುಗಿದ ಸೇಬು ನನ್ನ ಅಡುಗೆಮನೆಗೆ ಬಂತು. ಮಾರನೇ ದಿನದಿಂದ ನಾನು ಅರ್ಧ ಸೇಬನ್ನು ಹೋಳು ಮಾಡಿ ಕಳಿಸತೊಡಗಿದೆ. ಯಾರೂ ಭಾಷಣ ಮಾಡಲಿಲ್ಲ.

ಎಲ್ಲವೂ ನಮಗೆ ಹೊಂದುವುದಿಲ್ಲ ಬಿಡಿ. ಇಲ್ಲಿ ಮಕ್ಕಳನ್ನು ಕಾರಿಂದ ಇಳಿಸಲು 'ಬುಧವಾರ ನಡೆದು ಬನ್ನಿ' ಅಂತ ಒಂದು ದಿನವನ್ನೇ ಇಟ್ಟಿದ್ದಾರೆ. ನಮ್ಮೂರ ಶಾಲೆ ಆ ಪರೀಕ್ಷೆಯಲ್ಲಿ ಬರೆಯದೇ ಪಾಸು.

ನೀರಿನ ಸರದಿ ಬಂದಾಗ ಮಗಳು ಡಬ್ಲಿನ್ ಮಳೆಯ ಲೆಕ್ಕ ತಂದಳು. ನಾನು ಕುತೂಹಲಕ್ಕೆ ಕೋಲಾರದ್ದು ಪಕ್ಕದಲ್ಲಿಟ್ಟು ನೋಡಿದೆ. ನಂಬಲಿಲ್ಲ, ಇನ್ನೊಂದು ಸಲ ನೋಡಿದೆ. ಎರಡೂ ಕಡೆ ವರ್ಷಕ್ಕೆ ಹೆಚ್ಚುಕಮ್ಮಿ 700ರಿಂದ 750 ಮಿಲಿಮೀಟರ್! ಇಲ್ಲಿ ಅದು ವರ್ಷವಿಡೀ ಜಿನುಗುತ್ತದೆ. ನಮ್ಮಲ್ಲಿ ಕೆಲವೇ ದಿನ ಧೋ ಅಂತ ಸುರಿದು, ಹರಿದು, ಉಳಿದದ್ದು ಬಿಸಿಲಿಗೆ ಆರಿಹೋಗುತ್ತದೆ. ಸಾವಿರ ಅಡಿ ಬೋರ್ ಕೊರೆಸಿ ಫ್ಲೋರೈಡ್ ನೀರು ಕುಡಿದ ಜಿಲ್ಲೆ ನಮ್ಮದು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಇಷ್ಟೆಲ್ಲ ಆದರೂ ಶಾಲೆಯ ಮೇಲೆ ಬಿದ್ದ ಮಳೆ ಮಾತ್ರ ಚರಂಡಿಗೆ.

ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ ಲೆಕ್ಕ ಹೇಳಿದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಎರಡು ಕೊಠಡಿಯ ತಾರಸಿ 100 ಚದರ ಮೀಟರ್ ಅಂದುಕೊಂಡರೆ ವರ್ಷಕ್ಕೆ 70,000 ಲೀಟರ್. ಐದರಲ್ಲಿ ಒಂದು ಪಾಲು ಹಾಳಾಯಿತು ಅಂದರೂ 56,000. ಐದು ಸಾವಿರ ಲೀಟರಿನ ಟ್ಯಾಂಕರ್ ಹನ್ನೊಂದು ಸಲ ಬಂದ ಹಾಗೆ.

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಕ್ಕ, ಪೈಪ್ ಹಾಕಿಸಿದ್ರೆ ಫೋಟೋಲಿ ಏನು ಕಾಣತ್ತೆ?" ಅಂದ. ಅವನದೂ ತಪ್ಪಲ್ಲ. ಗಿಡ ಅಂದರೆ ಕೊಡುವವರು ಇದ್ದಾರೆ. ತಾರಸಿಯ ಮಳೆನೀರು ಹಿಡಿದು ಇಳಿಸುವ ದೋಣಿಪೈಪಿಗೆ ಯಾರು ಕೊಡುತ್ತಾರೆ?

ಆದರೂ ಶಾಲೆ ಶುರುವಾದ ಮೇಲೆ ಟೀಚರಮ್ಮ ಆರು, ಏಳನೇ ಕ್ಲಾಸಿನ ಮಕ್ಕಳ ಕೈಗೆ ಟೇಪು, ಬಕೆಟ್ಟು ಕೊಟ್ಟರು. ತಾರಸಿ ಅಳೆದರು. ಸೋರುವ ನಲ್ಲಿ ಕೆಳಗೆ ಚೊಂಬು ಇಟ್ಟರು. ಬಿಸಿಯೂಟ ಆದ ಮೇಲೆ ತಟ್ಟೆ ತೊಳೆದ ನೀರನ್ನು ಒಂದು ದಿನ ಪೂರ್ತಿ ಹಿಡಿದರು: ನಾಲ್ಕು ಬಕೆಟ್. ಅದು ದಿನಾ ಕಾಂಪೌಂಡ್ ಹತ್ತಿರ ನಿಂತು ಸೊಳ್ಳೆ ಸಾಕುತ್ತಿತ್ತು. ಈ ಲೆಕ್ಕ ಹಿಡಿದವಳು ಐದಡಿಯೂ ಇಲ್ಲದ ಒಬ್ಬ ಹುಡುಗಿಯಂತೆ. "ಈ ನೀರಿಗೆ ಎಷ್ಟು ಗಿಡ ಬದುಕತ್ತೆ ಸಾರ್?" ಅಂತ ಅಧ್ಯಕ್ಷರನ್ನೇ ಕೇಳಿದ್ದಾಳೆ.

ಇನ್ನೂರು ಹೋಗಿ ಹದಿನಾಲ್ಕಕ್ಕೆ ಇಳಿಯಿತು. ತಟ್ಟೆ ತೊಳೆಯುವ ಕಡೆ ನುಗ್ಗೆ, ಪಪ್ಪಾಯಿ. ನುಗ್ಗೆಸೊಪ್ಪು ಸಾರಿಗೂ ಆಯಿತು. ಆಟದ ಬಯಲಿನ ಅಂಚಿಗೆ ಹೊಂಗೆ, ನೇರಳೆ. ಮಳೆನೀರಿಗೆ ಒಂದು ತೊಟ್ಟಿ. ಒಂದು ಜೋರು ಮಳೆಗೇ ಅದು ತುಂಬಿಬಿಡುತ್ತದೆ, ಹಾಗಾಗಿ ಮಿಕ್ಕಿದ್ದು ಇಂಗುಗುಂಡಿಗೆ. ಮೊದಲ ಮಳೆಯಲ್ಲಿ ಧೂಳು, ಹಕ್ಕಿ ಹಿಕ್ಕೆ ಎಲ್ಲಾ ಬರುತ್ತದೆ, ಅದನ್ನು ಹೊರಗೆ ಬಿಡಲು ಪೈಪಿನಲ್ಲಿ ತೆಗೆದು ಹಾಕುವ ಮುಚ್ಚಳ ಇಡಿಸು ಅಂತ ಹೇಳಿದ್ದೇನೆ.

ಒಂದು ಮಾತ್ರ ಬಗೆಹರಿದಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರು ಯಾರು? ಆಗ ಬಿಸಿಯೂಟವೂ ಇಲ್ಲ, ನಾಲ್ಕು ಬಕೆಟ್ಟೂ ಇಲ್ಲ. ಅಡುಗೆಯಮ್ಮನ ಮನೆ ಶಾಲೆಯ ಗೋಡೆಗೆ ಅಂಟಿಕೊಂಡೇ ಇದೆ. ಕೇಳಿದ್ದಕ್ಕೆ, "ಹಾಕ್ತೀನಿ, ಆದ್ರೆ ನನ್ಕೈಲಿ ಬಿಂದಿಗೆ ಹೊರೋಕಾಗಲ್ಲ, ಉದ್ದದ್ದೊಂದು ಪೈಪ್ ಕೊಡ್ಸಿ" ಅಂದರಂತೆ.

ನಿನ್ನೆ ದುಡ್ಡು ಕಳಿಸಿದೆ. ಅವನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗಿಡ ಇಲ್ಲ. ದೋಣಿಪೈಪು, ಎರಡು ನಲ್ಲಿ, ಮೂವತ್ತು ಮೀಟರ್ ಹಸಿರು ಪೈಪು ಅಂತ ಬರೆದಿದ್ದಾನೆ. ಫೋಟೋ ಇನ್ನೂ ಬಂದಿಲ್ಲ.