ಆ ರಾತ್ರಿ ಕಾರು ಓಡಿಸುತ್ತಿದ್ದವರು ಯಾರು?

"ಯಾರಿಗೆ ಪಾಯಿಂಟ್ ಕಡಿಮೆಯಿದೆಯೋ ಅವರ ಹೆಸರು ಬರೆದು ಕಳಿಸಿಬಿಡಿ ಅಮ್ಮ, ಇದರಲ್ಲಿ ಯೋಚನೆ ಮಾಡುವಂಥದ್ದು ಏನಿದೆ?" ಎಂದು ನಮ್ಮ ಕುಟುಂಬದ ಹಿರಿಯ ಮಿತ್ರರೊಬ್ಬರು ಕಳೆದ ಮಂಗಳವಾರ ಫೋನಿನಲ್ಲಿ ಹೇಳಿದರು. ನಮ್ಮ ಕಾರು ವೇಗಮಿತಿ ಮೀರಿದಾಗ ಅದನ್ನು ಓಡಿಸುತ್ತಿದ್ದವರು ಯಾರೆಂದು ಕೇಳಿ ಪೊಲೀಸರಿಂದ ಬಂದ ಕಾಗದದ ಬಗ್ಗೆ ಅವರು ಕೊಟ್ಟ ಸಲಹೆ ಅದು. ಪಾಯಿಂಟೆಂದರೆ ಸಂಚಾರ ತಪ್ಪಿಗಾಗಿ ಲೈಸೆನ್ಸಿನ ಮೇಲೆ ಬೀಳುವ ಗುರುತು. ನಾವು ಬ್ರಿಟನ್ನಿಗೆ ಬಂದ ಹೊಸತರಲ್ಲಿ ಮನೆ ಹುಡುಕಿಕೊಟ್ಟವರು, ಮಗಳು ಹುಟ್ಟಿದಾಗ ಬಾಣಂತಿಗೆ ಸಾರು ಮಾಡಿ ತಂದುಕೊಟ್ಟ ಮನೆಯವರು ಅವರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ, ನಮಗೆ ತೊಂದರೆಯಾಗಬಾರದೆಂಬ ಕಾಳಜಿಯೊಂದೇ ಇತ್ತು. ಆದರೂ ಆ ಮಾತು ಕೇಳಿದಂದಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಈ ದೇಶದಲ್ಲಿ ಕಾರು ಇಟ್ಟುಕೊಂಡವರಿಗೆ ಆ ಕಾಗದ ಅಪರಿಚಿತವಲ್ಲ. ವೇಗಮಿತಿ ಮೀರಿದ ವಾಹನದ ಸಂಖ್ಯೆಯನ್ನು ಕ್ಯಾಮೆರಾ ದಾಖಲಿಸಿದರೆ, 14 ದಿನಗಳೊಳಗೆ ಆ ವಾಹನ ಯಾರ ಹೆಸರಿನಲ್ಲಿ ನೋಂದಾಯಿತವಾಗಿದೆಯೋ ಆ ರಿಜಿಸ್ಟರ್ಡ್ ಕೀಪರ್‌ಗೆ ಪೊಲೀಸರ ನೋಟಿಸು ತಲುಪಬೇಕು. ನೋಟಿಸಿನ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ: ಆ ಹೊತ್ತಿನಲ್ಲಿ ವಾಹನ ಓಡಿಸುತ್ತಿದ್ದವರು ಯಾರು? 1988ರ ರೋಡ್ ಟ್ರಾಫಿಕ್ ಆ್ಯಕ್ಟಿನ 172ನೆಯ ಸೆಕ್ಷನ್ ಪ್ರಕಾರ 28 ದಿನಗಳೊಳಗೆ ಉತ್ತರಿಸುವುದು ಕಡ್ಡಾಯ. ನಮಗೆ ಬಂದ ಕಾಗದದಲ್ಲಿ 50 ಮೈಲಿ ಮಿತಿಯ ರಸ್ತೆಯಲ್ಲಿ ನಮ್ಮ ಕಾರು 59 ಮೈಲಿ ವೇಗದಲ್ಲಿ ಹೋಯಿತೆಂದೂ, ಸಮಯ ರಾತ್ರಿ 8 ಗಂಟೆ 47 ನಿಮಿಷವೆಂದೂ ನಮೂದಾಗಿತ್ತು. ವೇಗದ ಬಗ್ಗೆ ನಮಗೆ ತಕರಾರಿಲ್ಲ. ಕ್ಯಾಮೆರಾ ಹಾಗೆ ಹೇಳಿದರೆ ಹಾಗೆಯೇ ಇರಬೇಕು. ನಮ್ಮ ಕಷ್ಟವಿರುವುದು ಎರಡನೆಯ ಪುಟದ ಖಾಲಿ ಚೌಕಗಳಲ್ಲಿ: ಚಾಲಕರ ಪೂರ್ಣ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಲೈಸೆನ್ಸ್ ಸಂಖ್ಯೆ, ಕೊನೆಯಲ್ಲಿ ಸಹಿ.

ಅಂದು ನಾವು ಟಿವಿಡೇಲಿನ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಮರಳುತ್ತಿದ್ದೆವು. ಹೊರಡುವಾಗ ನನ್ನ ಪತಿ ಓಡಿಸಿದರು. ಎಂ40 ರಸ್ತೆಯ ವಾರಿಕ್ ಸರ್ವಿಸಸ್‌ನಲ್ಲಿ ಕಾಫಿ ಕುಡಿದ ಮೇಲೆ ಸ್ಟಿಯರಿಂಗ್ ನಾನು ಹಿಡಿದೆ. ಮೋಟರ್‌ವೇ ಬಿಟ್ಟು ನಮ್ಮೂರಿನ ಕಡೆಯ ರಸ್ತೆಗೆ ಹೊರಳಿದ ಮೇಲೆ ಎದುರಿನ ದೀಪಗಳಿಂದ ನನಗೆ ತಲೆನೋವು ಹೆಚ್ಚಾಯಿತು. ವಾಹನ ನಿಲ್ಲಿಸಲೆಂದೇ ರಸ್ತೆಬದಿಯಲ್ಲಿ ಬಿಟ್ಟ ಜಾಗವೊಂದರಲ್ಲಿ, ಇಲ್ಲಿನವರ ಮಾತಿನಲ್ಲಿ ಲೇ-ಬೈಯಲ್ಲಿ, ಕಾರು ನಿಲ್ಲಿಸಿ ಮತ್ತೆ ಅವರಿಗೆ ಕೊಟ್ಟೆ. ಇಷ್ಟರವರೆಗೆ ಇಬ್ಬರಿಗೂ ಸ್ಪಷ್ಟವಾಗಿ ನೆನಪಿದೆ. ಆ ಲೇ-ಬೈ ಕ್ಯಾಮೆರಾಕ್ಕಿಂತ ಮುಂಚೆ ಇತ್ತೋ ಆಮೇಲೆ ಇತ್ತೋ ಎಂಬುದು ಮಾತ್ರ ಇಬ್ಬರಿಗೂ ನೆನಪಿಲ್ಲ.

ಕ್ಯಾಮೆರಾದ ಚಿತ್ರಗಳನ್ನು ಕೇಳಿ ಪಡೆದೆವು. ಚಾಲಕರನ್ನು ಗುರುತಿಸಲು ನೆರವಾಗಲೆಂದು ಕೇಳಿದರೆ ಪೊಲೀಸರು ಅವನ್ನು ತೋರಿಸುತ್ತಾರೆ. ಚಿತ್ರ ತೆಗೆದಿರುವುದು ಹಿಂಬದಿಯಿಂದ. ನಂಬರ್ ಪ್ಲೇಟು ಒಂದೊಂದು ಅಕ್ಷರವೂ ಓದಲು ಬರುವಷ್ಟು ಸ್ಪಷ್ಟವಾಗಿದೆ, ರಸ್ತೆಯ ಮೇಲಿನ ಬಿಳಿ ಗೆರೆಗಳು ಕಾಣುತ್ತವೆ, ಹಿಂದಿನ ಗಾಜಿನ ಒಳಗೆ ಮಗಳ ಸೀಟಿನ ತಲೆಯೊರಗು ಕಾಣುತ್ತದೆ. ಅದರಾಚೆಗೆಲ್ಲ ಬರಿಯ ಕಪ್ಪು. ಆ ಚಿತ್ರವನ್ನು ದೊಡ್ಡದು ಮಾಡಿ, ಬೆಳಕು ಹೆಚ್ಚಿಸಿ, ಬಲಬದಿಯ ಸೀಟಿನ ಮೇಲಿನ ನೆರಳು ನನ್ನ ತುರುಬಿನದೋ ಅವರ ಟೊಪ್ಪಿಯದೋ ಎಂದು ಕಣ್ಣು ನೋಯುವವರೆಗೂ ನೋಡಿದೆ. ಏನೂ ತಿಳಿಯಲಿಲ್ಲ.

ನಮ್ಮ ಮಿತ್ರರ ಸಲಹೆಯ ತೂಕ ತಿಳಿಯಬೇಕಾದರೆ ಪಾಯಿಂಟುಗಳ ಲೆಕ್ಕ ಹೇಳಲೇಬೇಕು. ನನ್ನ ಲೈಸೆನ್ಸಿನ ಮೇಲೆ ಪಾಯಿಂಟುಗಳಿಲ್ಲ. ಇಷ್ಟು ವೇಗಕ್ಕೆ, ಹಿಂದಿನ ಮೂರು ವರ್ಷದಲ್ಲಿ ಆ ಕೋರ್ಸು ಮಾಡಿರದ ನನ್ನಂಥವರಿಗೆ ಸಾಮಾನ್ಯವಾಗಿ ಸ್ಪೀಡ್ ಅವೇರ್‌ನೆಸ್ ಕೋರ್ಸಿನ ಅವಕಾಶ ಕೊಡುತ್ತಾರೆ. ಶುಲ್ಕ ಕಟ್ಟಿ ಪಾಠ ಕೇಳಿದರೆ ಪಾಯಿಂಟು ಬೀಳುವುದಿಲ್ಲ. ನನ್ನ ಪತಿಯ ಲೈಸೆನ್ಸಿನ ಮೇಲೆ ಈಗಾಗಲೇ 6 ಪಾಯಿಂಟುಗಳಿವೆ, ಕಾರು ಇರುವುದೂ ಅವರ ಹೆಸರಿನಲ್ಲೇ. ಓಡಿಸಿದ್ದು ಅವರೇ ಎಂದಾಗಿ, ಕೋರ್ಸಿನ ಅವಕಾಶವೂ ಸಿಗದಿದ್ದರೆ 100 ಪೌಂಡು ದಂಡ, 3 ಪಾಯಿಂಟು. ಆದರೆ ಓಡಿಸಿದವರು ಯಾರೆಂದು ತಿಳಿಸದಿದ್ದರೆ ಅದು ಬೇರೆಯದೇ ಅಪರಾಧ, ಅದಕ್ಕೆ 6 ಪಾಯಿಂಟು ಮತ್ತು 1,000 ಪೌಂಡಿನವರೆಗೆ ದಂಡ. ಮೂರು ವರ್ಷದೊಳಗೆ 12 ಪಾಯಿಂಟು ತುಂಬಿದರೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ವಾಹನ ಓಡಿಸುವಂತಿಲ್ಲ. ಮನೆಮನೆಗೆ ಹೋಗಿ ವಯಸ್ಸಾದ ರೋಗಿಗಳನ್ನು ನೋಡುವ ಫಿಸಿಯೋಥೆರಪಿಸ್ಟ್ ಅವರು, ಕಾರಿಲ್ಲದೆ ಅವರ ಕೆಲಸವೇ ಇಲ್ಲ. ಅಂದರೆ, ನಮ್ಮ ಪಾಲಿಗೆ ಅತ್ಯಂತ ದುಬಾರಿಯಾದ ಉತ್ತರ "ನಮಗೆ ಗೊತ್ತಾಗುತ್ತಿಲ್ಲ" ಎಂಬುದೇ, ಮತ್ತು ಅದೊಂದೇ ನಿಜವಾದ ಉತ್ತರ.

ಮಿತ್ರರ ಫೋನು ಬಂದ ರಾತ್ರಿ ಮಗಳು ಮಲಗಿದ ಮೇಲೆ ನಾನೇ ಫಾರಂ ತೆಗೆದು ಮೇಜಿನ ಮೇಲಿಟ್ಟೆ. ನನ್ನ ಹೆಸರು ಬರೆದುಬಿಡಿ, ನಾನೇ ಇದ್ದಿರಬಹುದು, ಎಂದೆ. ಪತಿ ಪೆನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದರು.

"ಕ್ಯಾಮೆರಾ ದಾಟಿದ್ದು ನಿನಗೆ ನೆನಪಿದೆಯಾ?"

"ಇಲ್ಲ."

"ಮತ್ತೆ ನಿನ್ನ ಹೆಸರು ಹೇಗೆ ಬರೆಯಲಿ?"

ಸಿಟ್ಟಿನಿಂದ ಕೇಳಿದ್ದಲ್ಲ, ದೊಡ್ಡತನ ತೋರಿಸಲು ಕೇಳಿದ್ದೂ ಅಲ್ಲ. ಅವರಿಗೆ ನಿಜವಾಗಿಯೂ ಹೇಗೆ ಬರೆಯಬೇಕೆಂದು ತಿಳಿದಿರಲಿಲ್ಲ. ಆಫೀಸಿನಲ್ಲಿ ಕುಳಿತಾಗಲೂ, ಪಾತ್ರೆ ತೊಳೆಯುವಾಗಲೂ ಈ ವಾರವಿಡೀ ಅದೇ ಪ್ರಶ್ನೆ ನನ್ನ ಕಿವಿಯಲ್ಲಿದೆ.

ಪ್ರಶ್ನೆಗೆ ಉತ್ತರ ಕಂಡುಕೊಳ್ಳಲೇಬೇಕೆಂದು ನಾನು ಫೋನಿನಲ್ಲಿದ್ದ ಹಳೆಯ ಸಂದೇಶಗಳನ್ನು ಹುಡುಕಿದೆ. ದೇವಸ್ಥಾನಕ್ಕೆ ಇನ್ನೊಂದು ಕಾರಿನಲ್ಲಿ ಬಂದಿದ್ದ ಗೆಳತಿಗೆ ಆ ರಾತ್ರಿ 8 ಗಂಟೆ 52 ನಿಮಿಷಕ್ಕೆ ನಾನು ಕಳಿಸಿದ ವಾಟ್ಸಾಪ್ ಸಂದೇಶ ಸಿಕ್ಕಿತು: "ತಲೆನೋವು ಜಾಸ್ತಿಯಾಯ್ತು, ಇವರಿಗೆ ಕೊಟ್ಟೆ, ಇನ್ನರ್ಧ ಗಂಟೆಯಲ್ಲಿ ಮನೆ." ಅಂದರೆ 8:52ಕ್ಕೆ ಓಡಿಸುತ್ತಿದ್ದವರು ಅವರು. ಕ್ಯಾಮೆರಾ ದಾಟಿದ್ದು 8:47ಕ್ಕೆ. ನಡುವೆ ಐದು ನಿಮಿಷ. ಭಾನುವಾರ ಇಬ್ಬರೂ ಅದೇ ರಸ್ತೆಯಲ್ಲಿ ಹೋಗಿ ನೋಡಿದೆವು. ಕ್ಯಾಮೆರಾಕ್ಕಿಂತ ಅರ್ಧ ಮೈಲಿ ಮುಂಚೆ ಒಂದು ಲೇ-ಬೈ ಇದೆ, ಕ್ಯಾಮೆರಾ ದಾಟಿ ಎರಡು ಮೈಲಿಯ ಮೇಲೆ ಇನ್ನೊಂದಿದೆ. ಎರಡರಲ್ಲೂ ಅದೇ ಜಲ್ಲಿ, ಅದೇ ಕಸದ ಡಬ್ಬ, ಅದೇ ಬೇಲಿಗಿಡ. ಎರಡನೆಯದರಲ್ಲಿ ನಿಲ್ಲಿಸಿದ್ದರೆ, ಕ್ಯಾಮೆರಾದಿಂದ ಅಲ್ಲಿಗೆ ತಲುಪಲು ಎರಡೂವರೆ ನಿಮಿಷ ಸಾಕು, ಸೀಟು ಬದಲಾಯಿಸಲು ಒಂದು ನಿಮಿಷ, ಆಮೇಲೆ ಫೋನು ತೆಗೆದು ಬರೆಯುವುದು. ಸಮಯ ಸರಿಹೊಂದುತ್ತದೆ. ಮೊದಲನೆಯದರಲ್ಲಿ ನಿಲ್ಲಿಸಿದ್ದರೂ ಸರಿಹೊಂದುತ್ತದೆ. ಸ್ವಲ್ಪ ದೂರ ಹೋದ ಮೇಲೆ, ನೋವು ಒಂದಿಷ್ಟು ಇಳಿದಾಗ ಬರೆದೆ ಎಂದುಕೊಂಡರಾಯಿತು.

ಮನೆಗೆ ಮರಳುವ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಒಂದು ವಿಚಿತ್ರ ನಡೆದಿತ್ತು. ಎರಡನೆಯ ಲೇ-ಬೈಯ ಕಸದ ಡಬ್ಬದ ಪಕ್ಕದಲ್ಲಿ ನಾನು ಇಳಿದದ್ದು, ಹಿಂದಿನಿಂದ ಬಂದ ಲಾರಿಯ ಗಾಳಿಗೆ ಶಾಲು ಹಾರಿದ್ದು, ಅವರು ನನ್ನ ಬೆನ್ನು ಮುಟ್ಟಿ ಆಚೆ ಬದಿಗೆ ಕಳಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು. ಹಿಂದಿನ ದಿನ ಇದ್ಯಾವುದೂ ನನ್ನ ನೆನಪಿನಲ್ಲಿರಲಿಲ್ಲ. ಈ ಚಿತ್ರ ಆ ರಾತ್ರಿಯದೋ, ಭಾನುವಾರ ಮಧ್ಯಾಹ್ನ ಅಲ್ಲಿ ನಿಂತಾಗ ಹುಟ್ಟಿದ್ದೋ? ನಾನು ಓಡಿಸುತ್ತಿದ್ದೆ ಎಂದಾದರೆ ನಮ್ಮ ಮನೆಗೆ ಎಲ್ಲ ರೀತಿಯಲ್ಲೂ ಅನುಕೂಲ. ಆ ಅನುಕೂಲವೇ ನೆನಪಿನ ವೇಷ ಹಾಕಿಕೊಂಡು ನನ್ನೆದುರು ನಿಂತಿಲ್ಲವೆಂದು ನಾನು ಯಾವ ಧೈರ್ಯದಿಂದ ಹೇಳಲಿ? ಸುಳ್ಳು ಹೇಳುವವರಿಗೆ ತಾವು ಸುಳ್ಳು ಹೇಳುತ್ತಿದ್ದೇವೆಂದಾದರೂ ಗೊತ್ತಿರುತ್ತದೆ. ನನ್ನನ್ನು ಹೆದರಿಸಿದ್ದು, ಇನ್ನೊಂದು ವಾರ ಕಳೆದರೆ ನಾನು ದೇವರ ಮೇಲೆ ಆಣೆಯಿಟ್ಟು ಆ ಲಾರಿಯ ಗಾಳಿಯನ್ನು ವರ್ಣಿಸಬಲ್ಲೆ ಎಂಬುದು.

ಇದಕ್ಕೂ ಮೊದಲೇ, ಬುಧವಾರ, ಮಿತ್ರರಿಗೆ ನಾನೇ ಫೋನು ಮಾಡಿ ಬ್ರಿಟನ್ನಿನ ರಾಜಕಾರಣಿ ಕ್ರಿಸ್ ಹ್ಯೂನ್ ಅವರ ಪ್ರಕರಣ ನೆನಪಿಸಿದೆ. 2003ರಲ್ಲಿ ಎಂ11 ರಸ್ತೆಯಲ್ಲಿ ಅವರ ಕಾರು ವೇಗಮಿತಿ ಮೀರಿತ್ತು, ಲೈಸೆನ್ಸು ಕಳೆದುಕೊಳ್ಳುವ ಅಂಚಿನಲ್ಲಿದ್ದ ಅವರ ಬದಲಿಗೆ ಪತ್ನಿ ವಿಕಿ ಪ್ರೈಸ್ ಪಾಯಿಂಟು ಹೊತ್ತರು. ಅದೇ ವರ್ಷ ಗಾಡಿ ಓಡಿಸುತ್ತ ಮೊಬೈಲ್ ಬಳಸಿದ್ದಕ್ಕೆ ಹ್ಯೂನ್ ಅವರ ಲೈಸೆನ್ಸು ಹೇಗೂ ಹೋಯಿತು. ಮುಂದೆ ಅವರು ಮಂತ್ರಿಯಾದರು, ದಾಂಪತ್ಯ ಮುರಿಯಿತು, ಹಳೆಯ ವಿಷಯ ಹೊರಬಂತು. 2013ರ ಮಾರ್ಚಿನಲ್ಲಿ ನ್ಯಾಯದ ಹಾದಿಗೆ ಅಡ್ಡಿಪಡಿಸಿದ ಅಪರಾಧಕ್ಕಾಗಿ ಇಬ್ಬರಿಗೂ ಎಂಟೆಂಟು ತಿಂಗಳ ಜೈಲುಶಿಕ್ಷೆಯಾಯಿತು. "ಅವರು ದೊಡ್ಡ ಮನುಷ್ಯರು, ಅದಕ್ಕೇ ಸಿಕ್ಕಿಬಿದ್ದರು, ನಮ್ಮನ್ನು ಯಾರು ಕೇಳುತ್ತಾರೆ?" ಎಂದರು ಮಿತ್ರರು. ಅವರ ಮೇಲಿನ ಗೌರವ ನನಗೆ ಕಡಿಮೆಯಾಗಿಲ್ಲ. ಆದರೆ ಸಿಕ್ಕಿಬೀಳುವುದು, ಬೀಳದಿರುವುದು, ಇವೆರಡೇ ಅವರ ಕಣ್ಣಿಗೆ ಕಾಣುತ್ತಿವೆ ಎಂಬುದು ನನಗೆ ನೋವು ತಂದಿತು. ಇಷ್ಟು ಒಳ್ಳೆಯ ಮನುಷ್ಯರು ಗಂಡಹೆಂಡಿರ ಎರಡು ಲೈಸೆನ್ಸುಗಳನ್ನು ಒಂದೇ ಜಂಟಿ ಖಾತೆಯಂತೆ ನೋಡುತ್ತಾರೆ, ಎಲ್ಲಿ ಬಾಕಿ ಇದೆಯೋ ಅಲ್ಲಿಂದ ತೆಗೆಯಿರಿ ಎನ್ನುತ್ತಾರೆ.

ಮೈಸೂರಿನಲ್ಲಿರುವ ನನ್ನ ಅಣ್ಣನಿಗೆ ನಮ್ಮ ಸಂಕಟ ಅರ್ಥವೇ ಆಗಲಿಲ್ಲ. ದಂಡ ಕಟ್ಟಿ ಕೈತೊಳೆದುಕೊಳ್ಳಬಾರದೇ ಎಂದ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಹಿಡಿದರೆ ಅವನ ಮೊಬೈಲಿಗೆ ಚಲನ್ ಬರುತ್ತದೆ, ಅವನು ಕಟ್ಟುತ್ತಾನೆ. ಗಾಡಿ ಅವನು ಓಡಿಸಿದ್ದನೋ, ಅವನ ಮಗನೋ, ಡ್ರೈವರೋ ಎಂದು ಯಾರೂ ಅವನನ್ನು ಕೇಳಿಲ್ಲ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡದ ಮೇಲೆ ಸರ್ಕಾರ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಹಳೆಯದನ್ನೆಲ್ಲ ಒಟ್ಟಿಗೆ ಕಟ್ಟಿ ನಿಶ್ಚಿಂತನಾದ. ಆದರೆ ಭಾರತದ ಮೋಟಾರು ವಾಹನ ಕಾಯ್ದೆಯ 133ನೆಯ ಸೆಕ್ಷನ್ ಕೂಡ, ಪೊಲೀಸರು ಕೇಳಿದರೆ ಚಾಲಕನ ಮಾಹಿತಿ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದೆ. ಅದೂ 1988ರ ಕಾಯ್ದೆಯೇ. ಕಾಗದದ ಮೇಲೆ ಎರಡು ದೇಶಗಳೂ ಅದೇ ಪ್ರಶ್ನೆ ಕೇಳುತ್ತವೆ, ಅಣ್ಣನಿಗೆ ಮಾತ್ರ ಅದಕ್ಕೆ ಉತ್ತರಿಸುವ ಪ್ರಸಂಗ ಬಂದಿಲ್ಲ. ಅವನ ನಿಶ್ಚಿಂತೆ ನೋಡಿ ಈ ವಾರ ಒಂದು ಕ್ಷಣ ಆಸೆಯಾಯಿತು, ನಿಜ. ಆದರೆ ಓಡಿಸಿದವನಿಗೆ ತಟ್ಟದೆ ನಂಬರ್ ಪ್ಲೇಟಿಗೆ ಮಾತ್ರ ತಟ್ಟುವ ದಂಡದಿಂದ ಮುಂದಿನ ಸಲ ಯಾರ ಕಾಲು ಬ್ರೇಕಿನ ಕಡೆ ಹೋದೀತು?

ಆದ್ದರಿಂದ ಇಲ್ಲಿನ ಕಾನೂನನ್ನು ನಾನು ದೂರುವುದಿಲ್ಲ. ತನ್ನ ವಿರುದ್ಧ ತಾನೇ ಹೇಳಿಕೆ ಕೊಡಬೇಕೆಂಬ ಈ ನಿಯಮ ಮೌನದ ಹಕ್ಕನ್ನೇ ಕಸಿಯುತ್ತದೆ ಎಂದು ಇಬ್ಬರು ವಾಹನ ಸವಾರರು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿದ್ದರು. 2007ರಲ್ಲಿ ಆ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಕಾರು ಇಟ್ಟುಕೊಂಡು ಓಡಿಸುವವರು ಅದರ ಜೊತೆಗೆ ಬರುವ ಹೊಣೆಗಳನ್ನೂ ಒಪ್ಪಿಕೊಂಡವರೇ ಎಂಬುದು ತೀರ್ಪಿನ ಒಂದು ಮುಖ್ಯ ಅಂಶ. ನನಗೂ ಅದು ಸರಿಯೆನಿಸುತ್ತದೆ. "ಗೊತ್ತಿಲ್ಲ" ಎಂದವರನ್ನೆಲ್ಲ ಬಿಟ್ಟರೆ ನಾಳೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ತಕ್ಕ ಶ್ರದ್ಧೆಯಿಂದ ಹುಡುಕಿದರೂ ತಿಳಿಯಲಿಲ್ಲವೆಂದು ತೋರಿಸಿಕೊಟ್ಟರೆ 172ನೆಯ ಸೆಕ್ಷನ್ನಿನಲ್ಲಿ ರಕ್ಷಣೆಯೂ ಇದೆ, ಆದರೆ ಹುಡುಕಿದೆವೆಂಬುದನ್ನು ತೋರಿಸುವ ಭಾರ ನಮ್ಮದು. ನಾವು ಕೇಳಿದ ವಕೀಲರು, ಇದನ್ನು ನ್ಯಾಯಾಲಯಗಳು ಸುಲಭಕ್ಕೆ ಒಪ್ಪುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಎಚ್ಚರಿಸಿದರು. ಅವರು ಹಾಗೆ ನೇರವಾಗಿ ಹೇಳಿದ್ದು ನನಗೆ ಹಿಡಿಸಿತು. ಇಡೀ ವಾರದಲ್ಲಿ, ನಮಗೆ ಹಿತವಾದದ್ದನ್ನು ಹೇಳಬೇಕೆಂಬ ಹಂಗಿಲ್ಲದೆ ಮಾತಾಡಿದವರು ಅವರೊಬ್ಬರೇ.

ನಿನ್ನೆ ಉತ್ತರ ಕಳಿಸಿದೆವು. ಫಾರಂ ಜೊತೆಗೆ ನನ್ನ ಪತಿ ಒಂದು ಪತ್ರ ಬರೆದರು. ಅಂದು ಕಾರಿನಲ್ಲಿ ಲೈಸೆನ್ಸು ಇದ್ದವರು ನಾವಿಬ್ಬರೇ ಎಂದು ಇಬ್ಬರ ಹೆಸರು, ವಿವರ, ಲೈಸೆನ್ಸ್ ಸಂಖ್ಯೆ ಕೊಟ್ಟರು. ಎಲ್ಲೆಲ್ಲಿ ಸೀಟು ಬದಲಾಯಿಸಿದೆವು, ಚಿತ್ರದಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಎರಡು ಲೇ-ಬೈಗಳ ದೂರವೆಷ್ಟು, ನನ್ನ ಸಂದೇಶದ ಸಮಯವೇನು ಎಂಬುದನ್ನೆಲ್ಲ ಬರೆದು ಸಂದೇಶದ ಪ್ರತಿಯನ್ನು ಲಗತ್ತಿಸಿದರು. ನನ್ನದೇ ಹೇಳಿಕೆಯನ್ನು ನಾನು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿದೆ. ಎರಡನೆಯ ಲೇ-ಬೈಯಲ್ಲಿ ಇಳಿದ ಚಿತ್ರ ನನ್ನ ಮನಸ್ಸಿನಲ್ಲಿ ಇದೆಯೆಂದೂ, ಅದು ಆ ಸ್ಥಳಕ್ಕೆ ಮತ್ತೆ ಹೋಗಿ ಬಂದ ಮೇಲೆ ಮೂಡಿದ್ದರಿಂದ ಅದನ್ನು ನೆನಪೆಂದು ನಾನು ಪ್ರಮಾಣೀಕರಿಸಲಾರೆನೆಂದೂ ಅದರಲ್ಲಿದೆ. ಅದನ್ನು ಓದಿದ ಪತಿ, ಈ ಸಾಲು ನಮಗೇ ಮುಳುವಾಗಬಹುದು ಎಂದರು, ಆದರೆ ತೆಗೆಯೆಂದು ಹೇಳಲಿಲ್ಲ.

ಪೊಲೀಸರು ಇದನ್ನು ಒಪ್ಪದಿದ್ದರೆ ವಿಷಯ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಹೋದರೆ ಕರೆದ ದಿನ ಇಬ್ಬರೂ ರಜೆ ಹಾಕಿ ಹೋಗುವುದೆಂದು ನಿಶ್ಚಯಿಸಿದ್ದೇವೆ. ಲೈಸೆನ್ಸು ಹೋಗುವಂತಾದರೆ ಅವರ ರೋಗಿಗಳ ಮನೆಗಳಿಗೆ ಬಸ್ಸಿನಲ್ಲಿ ಎಷ್ಟರಮಟ್ಟಿಗೆ ತಲುಪಬಹುದೆಂದು ಅವರು ಈಗಲೇ ವೇಳಾಪಟ್ಟಿ ನೋಡುತ್ತಿದ್ದಾರೆ. ಬೆಳಿಗ್ಗೆ ಬೇಗನೆ ನೋಡಬೇಕಾದವರ ಮನೆಗಳಿಗೆ ಕೆಲಸಕ್ಕೆ ಹೋಗುವ ಮುನ್ನ ನಾನು ಬಿಟ್ಟುಬರಬಹುದು.