ಓಟಿಲ್ಲದವಳ ಚುನಾವಣೆ

ನ್ಯೂಯಾರ್ಕ್ ನಗರದಲ್ಲಿ ನನಗೆ ಓಟಿಲ್ಲ. ಗ್ರೀನ್ ಕಾರ್ಡ್ ಇದೆ, ತೆರಿಗೆ ಕಟ್ಟುತ್ತೇನೆ, ಮಗಳು ಇಲ್ಲಿನ ಸರ್ಕಾರಿ ಶಾಲೆಗೇ ಹೋಗುತ್ತಾಳೆ. ಆದರೆ ಮೇಯರ್ ಯಾರಾಗಬೇಕು ಅಂತ ನನ್ನನ್ನು ಯಾರೂ ಕೇಳುವುದಿಲ್ಲ. ನನ್ನಂಥವರು ಈ ಊರಲ್ಲಿ ಲಕ್ಷಗಟ್ಟಲೆ ಇದ್ದಾರೆ. ಪೌರತ್ವ ಇಲ್ಲದಿದ್ದರೂ ಗ್ರೀನ್ ಕಾರ್ಡ್ ಅಥವಾ ಕೆಲಸದ ಪರವಾನಗಿ ಇರುವವರು ನಗರದ ಚುನಾವಣೆಯಲ್ಲಿ ಓಟು ಹಾಕಬಹುದು ಅಂತ 2021ರಲ್ಲಿ ನಗರಸಭೆ ಕಾನೂನು ಮಾಡಿತ್ತು. ಸುಮಾರು 8 ಲಕ್ಷ ಜನಕ್ಕೆ ಓಟು ಸಿಗುತ್ತಿತ್ತು. ಅದು ಕೋರ್ಟು ಕಚೇರಿ ಅಂತ ಅಲೆದು, 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಒಂದು ಸಲವೂ ಬಳಕೆಗೆ ಬರಲಿಲ್ಲ.

ಅದೇ ವರ್ಷ ನಾನು ಮೇಯರ್ ಅಭ್ಯರ್ಥಿ ಜೊಹ್ರಾನ್ ಮಮ್ದಾನಿ ಪರವಾಗಿ ಓಟು ಕೇಳುತ್ತಾ ಮನೆಮನೆ ಬಾಗಿಲು ತಟ್ಟೋಕೆ ಹೊರಟೆ.

ಇದು ಕಾನೂನಿಗೆ ವಿರುದ್ಧ ಅಲ್ವಾ ಅಂತ ಊರಿನಿಂದ ಅಮ್ಮ ಕೇಳಿದರು. ಅಲ್ಲ. ಎಚ್-1ಬಿ ವೀಸಾದವರು ಅಭ್ಯರ್ಥಿಗೆ ಒಂದು ಡಾಲರ್ ಕೂಡ ಕೊಡುವಂತಿಲ್ಲ. ಗ್ರೀನ್ ಕಾರ್ಡ್‌ನವರು ಕೊಡಬಹುದು. ಸಂಬಳ ಇಲ್ಲದೆ ಸ್ವಯಂಸೇವೆ ಮಾಡೋದಕ್ಕೆ ಮಾತ್ರ ಇಬ್ಬರಿಗೂ ಅಡ್ಡಿಯಿಲ್ಲ. ಹಣ ಬೇಡ, ಕಾಲು ಸವೆಸಿ ಅನ್ನುತ್ತದೆ ಕಾನೂನು. ಆದರೂ ಅಮ್ಮನ ಭಯ ಸುಮ್ನೆ ಹುಟ್ಟಿದ್ದಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ಯಾಲೆಸ್ಟೀನ್ ಪರವಾಗಿ ದನಿ ಎತ್ತಿದ್ದ ಮಹಮೂದ್ ಖಲೀಲ್‌ನನ್ನು ವಲಸೆ ಇಲಾಖೆಯವರು ಹಿಡಿದುಕೊಂಡು ಹೋಗಿದ್ದು ಅದೇ ಮಾರ್ಚ್‌ನಲ್ಲಿ. ಅವನ ಹತ್ತಿರವೂ ಗ್ರೀನ್ ಕಾರ್ಡ್ ಇತ್ತು. ವೀಸಾದ ಮೇಲಿದ್ದ ಗೆಳತಿಯೊಬ್ಬಳು ಬೇಸಿಗೆಯಲ್ಲಿ ನನ್ನ ಜೊತೆ ಬರುತ್ತಿದ್ದಳು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಟ್ರಂಪ್ ಘೋಷಿಸಿದ ಮೇಲೆ ನಿಲ್ಲಿಸಿಬಿಟ್ಟಳು. ಅವಳನ್ನು ನಾನು ಒತ್ತಾಯ ಮಾಡಲಿಲ್ಲ.

ಊರಲ್ಲಿ ಚುನಾವಣೆ ಅಂದರೆ ನಮಗೆ ಗೊತ್ತಿರೋದು ಮೈಕು, ಮೆರವಣಿಗೆ, ಬಾವುಟ. ಇಲ್ಲಿ ಎಲ್ಲ ಪಟ್ಟಿಯಿಂದ ಶುರು. ಶನಿವಾರ ಬೆಳಗ್ಗೆ ನಗರದ ಕ್ವೀನ್ಸ್ ಭಾಗದಲ್ಲಿರುವ ಜಾಕ್ಸನ್ ಹೈಟ್ಸ್‌ನ ಪಾರ್ಕಿನಲ್ಲೋ, ಯಾವುದೋ ಅಂಗಡಿ ಮುಂದೋ ಸೇರುತ್ತೇವೆ. ಹೊಸಬರಿಗೆ ಸಣ್ಣ ತರಬೇತಿ. ಇಬ್ಬಿಬ್ಬರು ಎದುರುಬದುರು ನಿಂತು, ಒಬ್ಬರು ಮನೆಯವರಾಗಿ ಇನ್ನೊಬ್ಬರು ಬಾಗಿಲು ತಟ್ಟುವವರಾಗಿ ಅಭ್ಯಾಸ ಮಾಡಬೇಕು. ಆಮೇಲೆ ಫೋನಿನಲ್ಲಿ ಮಿನಿವ್ಯಾನ್ ಅನ್ನೋ ಆ್ಯಪ್ ತೆರೆದರೆ ನಮ್ಮ ಪಾಲಿನ ಬೀದಿಗಳು ಬರುತ್ತವೆ. ಇದಕ್ಕೆ ಎಲ್ಲರೂ ‘ಟರ್ಫ್’ ಅನ್ನುತ್ತಾರೆ. ಹೆಸರು, ವಯಸ್ಸು, ಮನೆ ನಂಬರ್, ಯಾವ ಪಕ್ಷಕ್ಕೆ ನೋಂದಾಯಿಸಿದ್ದಾರೆ, ಎಲ್ಲ ಅಲ್ಲೇ. ಹಿಂದಿನ ಚುನಾವಣೆಗಳಲ್ಲಿ ಓಟು ಹಾಕಿದ್ದರೋ ಇಲ್ಲವೋ ಅನ್ನೋದೂ ಇಲ್ಲಿ ಗುಟ್ಟಲ್ಲ. ಯಾರಿಗೆ ಹಾಕಿದರು ಅನ್ನೋದಷ್ಟೇ ಗುಟ್ಟು. ಮೊದಲ ಸಲ ನೋಡಿದಾಗ ಬೇರೆಯವರ ಬೀರು ತೆಗೆದು ನೋಡಿದಷ್ಟು ಮುಜುಗರ ಆಯಿತು.

ಮಾತಾಡಿ ಬಂದ ಮೇಲೆ ಪ್ರತಿ ಹೆಸರಿಗೂ 1ರಿಂದ 5ರವರೆಗೆ ಅಂಕ. 1 ಅಂದರೆ ಗಟ್ಟಿ ಬೆಂಬಲ, 5 ಅಂದರೆ ಇನ್ನೊಂದು ಸಲ ತಟ್ಟೋದು ದಂಡ. ಜನರ ಮನಸ್ಸು ಬದಲಾಯಿಸೋಕೆ ಹೋಗುತ್ತೇವೆ ಅಂತ ಅಂದುಕೊಂಡು ಬಂದವರಿಗೆ ಇದು ಸ್ವಲ್ಪ ಸಪ್ಪೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು, ಆಗಲೇ ನಮ್ಮ ಕಡೆ ಇರುವವರನ್ನು ಹುಡುಕಿ, ಓಟಿನ ದಿನ ಮನೆಯಿಂದ ಹೊರಡಿಸೋದೇ. ವಾದದಲ್ಲಿ ಗೆದ್ದು ಬರುವ ಹುರುಪಿನವರು ಹೆಚ್ಚು ದಿನ ಉಳಿಯುವುದಿಲ್ಲ. ಅಂಥವರಿಗೆ ಫೇಸ್‌ಬುಕ್ಕೇ ವಾಸಿ.

ಕ್ವೀನ್ಸ್‌ನ ಹಳೇ ಕಟ್ಟಡಗಳಲ್ಲಿ ಮೊದಲ ಸವಾಲೇ ಒಳಗೆ ಹೋಗೋದು. ಹೊರಬಾಗಿಲ ಬೆಲ್ಲುಗಳನ್ನು ಒಂದೊಂದಾಗಿ ಒತ್ತುತ್ತಾ ನಿಲ್ಲಬೇಕು. ಯಾರೋ ಪುಣ್ಯಾತ್ಮರು ತೆಗೆಯುತ್ತಾರೆ. ಆಮೇಲೆ ಸೀದಾ ಮೇಲಿನ ಮಹಡಿಗೆ ಹೋಗಿ, ತಟ್ಟುತ್ತಾ ತಟ್ಟುತ್ತಾ ಕೆಳಗಿಳಿಯೋದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಚೀಟಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಬೇಕು. ಅಂಚೆ ಡಬ್ಬಿಗೆ ಹಾಕುವ ಹಾಗಿಲ್ಲ, ಅದರಲ್ಲಿ ಅಂಚೆಯವರಿಗೆ ಮಾತ್ರ ಹಕ್ಕು.

ಅಕ್ಟೋಬರ್‌ನಲ್ಲಿ ಎಲ್ಮ್‌ಹರ್ಸ್ಟ್‌ನ ಒಂದು ಮನೆ. ಬಾಂಗ್ಲಾದೇಶದ ಅಜ್ಜಿ, ತಲೆ ಮೇಲೆ ಸೆರಗು, ಬಾಗಿಲ ಹೊರಗೆ ಸಾಲಾಗಿ ಚಪ್ಪಲಿ. ನನ್ನ ಹರಕು ಹಿಂದಿ, ಅವರ ಬಂಗಾಳಿ ಬೆರೆಸಿದ ಹಿಂದಿ. ಮಮ್ದಾನಿ ಚಿತ್ರ ನೋಡಿದ್ದೇ ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಫ್ರಿಜ್ ಮೇಲೆ ಮ್ಯಾಗ್ನೆಟ್ ಒತ್ತಿ ಒಂದು ಕಾಗದ ಅಂಟಿಸಿದ್ದರು. ಬಾಡಿಗೆ ನವೀಕರಣದ ಫಾರ್ಮು. ಅದರಲ್ಲಿ ಎರಡು ಚೌಕ: ಒಂದು ವರ್ಷಕ್ಕೆ ಮಾಡಿಕೊಂಡರೆ 3% ಏರಿಕೆ, ಎರಡು ವರ್ಷಕ್ಕಾದರೆ 4.5%. ಯಾವುದಕ್ಕೆ ಗುರುತು ಹಾಕಲಿ ಅಂತ ಅಜ್ಜಿ ನನ್ನನ್ನೇ ಕೇಳಿದರು. ನಾನು ಓಟು ಕೇಳೋಕೆ ಹೋದವಳು, ಫಾರ್ಮು ಹಿಡಿದು ಲೆಕ್ಕ ಹಾಕುತ್ತಾ ಕೂತೆ.

ಈ ಊರಲ್ಲಿ ಸುಮಾರು 10 ಲಕ್ಷ ಮನೆಗಳಿಗೆ ಬಾಡಿಗೆ ನಿಯಂತ್ರಣ ಇದೆ. ಪ್ರತಿ ವರ್ಷ ಎಷ್ಟು ಏರಿಸಬಹುದು ಅಂತ 9 ಜನರ ಮಂಡಳಿ ತೀರ್ಮಾನಿಸುತ್ತದೆ. ಆ 9 ಜನರನ್ನೂ ನೇಮಿಸುವವರು ಮೇಯರ್. ಹಿಂದೆ ಡಿ ಬ್ಲಾಸಿಯೊ ಮೇಯರ್ ಆಗಿದ್ದಾಗ ಮೂರು ಸಲ ಬಾಡಿಗೆ ಏರದಂತೆ ತಡೆದಿದ್ದುಂಟು. ಮಮ್ದಾನಿ ನಾಲ್ಕು ವರ್ಷವೂ ತಡೆಯುತ್ತೇನೆ ಅಂದರು. ಅವರ ಉಳಿದ ಎರಡು ಮಾತು: ಉಚಿತ ಬಸ್ಸು, ಮಕ್ಕಳ ಆರೈಕೆಗೆ ಉಚಿತ ವ್ಯವಸ್ಥೆ. ಬಾಗಿಲಲ್ಲಿ ಹೇಳೋಕೆ ಇದು ಸಾಕಾಗುತ್ತಿತ್ತು. ಅಜ್ಜಿಯ ಮಟ್ಟಿಗಂತೂ ಮೇಯರ್ ಅಂದರೆ ಆ ಚೌಕದೊಳಗಿನ ಶೇಕಡಾ.

ಉಚಿತ ಬಸ್ಸಿನ ಮಾತು ಬಂದಾಗಲೆಲ್ಲ ನನಗೆ ಒಳಗೊಳಗೇ ನಗು. ಊರಲ್ಲಿ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಏನೇನು ಬಂದಿತ್ತೋ, ಅದೇ ಇಂಗ್ಲಿಷಿನಲ್ಲಿ ಇಲ್ಲಿ ಕೇಳಿಸುತ್ತಿತ್ತು. ದುಡ್ಡು ಎಲ್ಲಿಂದ ಬರುತ್ತೆ? ಬಿಟ್ಟಿ ಕೊಟ್ಟರೆ ಜನ ಹಾಳಾಗ್ತಾರೆ. ಬಸ್ಸು ತುಂಬಿ ತುಳುಕುತ್ತೆ. ಹಾಗಾಗಿ ನನ್ನ ಹತ್ತಿರ ಉತ್ತರ ಸಿದ್ಧ ಇತ್ತು. ನಮ್ಮ ಚಿಕ್ಕಮ್ಮ ಈಗ ವಾರವಾರ ಆಸ್ಪತ್ರೆಗೆ ಯಾರನ್ನೂ ಕಾಯದೆ ಹೋಗಿಬರುತ್ತಾರೆ ಅಂತ ಹೇಳುತ್ತಿದ್ದೆ. ಎಲ್ಲಿಯ ಚಿಕ್ಕಮ್ಮ, ಎಲ್ಲಿಯ ಕ್ವೀನ್ಸ್! ಆದರೆ ಸ್ಪಾನಿಷ್ ಮಾತಾಡುವ ಹೆಂಗಸರು ತಕ್ಷಣ ಹೂಂಗುಟ್ಟುತ್ತಿದ್ದರು.

ಭಾರತದವರ ಮನೆಗಳೇ ಕಷ್ಟ. ಮಮ್ದಾನಿ ಮೋದಿಯವರನ್ನು ಕಟುವಾಗಿ ಟೀಕಿಸಿದ್ದು ಕೆಲವರಿಗೆ ಸಿಟ್ಟು ತರಿಸಿತ್ತು. ಕ್ವೀನ್ಸ್‌ನ ಕಸದ ಬಗ್ಗೆ ಮಾತಾಡೋಕೆ ಹೋದರೆ ಮಾತು ಅಹಮದಾಬಾದಿಗೆ ಹೋಗಿ ನಿಲ್ಲುತ್ತಿತ್ತು. ಒಂದು ದಿನ ಪಟ್ಟಿಯಲ್ಲಿ ಅಪ್ಪಟ ಕನ್ನಡದವರ ಹೆಸರು ಕಂಡಿತು. ಖುಷಿಯಿಂದ ಓಡಿದೆ. ಫ್ಲೋರಲ್ ಪಾರ್ಕ್‌ನಲ್ಲಿ ಸ್ವಂತ ಮನೆ, ಬಾಗಿಲಿಗೆ ಮಾವಿನ ತೋರಣ, ಪ್ಲಾಸ್ಟಿಕ್‌ನದು. ‘ನಮಸ್ಕಾರ ಸಾರ್’ ಅಂದೆ. ಅವರೂ ನಕ್ಕರು. ಊರು ಯಾವುದು, ಎಷ್ಟು ವರ್ಷ ಆಯ್ತು, ಫ್ಲಶಿಂಗ್ ಗಣೇಶನ ಗುಡಿ ಕ್ಯಾಂಟೀನಿನ ದೋಸೆ ಮೊದಲಿನ ಹಾಗಿಲ್ಲ, ಎಲ್ಲ ಆಯಿತು. ಮಮ್ದಾನಿ ಅಂದ ಕೂಡಲೇ, ‘ನೋಡಮ್ಮ, ನಾನು ಟ್ಯಾಕ್ಸ್ ಕಟ್ಟೋನು. ನಿನ್ನ ಕ್ಯಾಂಡಿಡೇಟು ಖರ್ಚು ಮಾಡೋನು’ ಅಂದರು. ಒಳ್ಳೆ ಮಾತು, ನನಗೂ ಹಿಡಿಸಿತು. 5 ಅಂತ ಗುರುತು ಹಾಕಿಕೊಂಡು ಬಂದೆ. ಕಾಫಿ ಕೇಳಲಿಲ್ಲ ಅನ್ನೋದು ಬೇರೆ ವಿಷಯ.

ರಿಚ್ಮಂಡ್ ಹಿಲ್‌ನ ಪಂಜಾಬಿ ಟ್ಯಾಕ್ಸಿ ಚಾಲಕರ ಮನೆಗಳಲ್ಲಿ ಮಾತ್ರ ನಾವು ವಿವರಿಸಬೇಕಾದ್ದೇ ಇರಲಿಲ್ಲ. ಟ್ಯಾಕ್ಸಿ ಓಡಿಸುವ ಪರವಾನಗಿಗೆ ಒಂದು ಕಾಲದಲ್ಲಿ 10 ಲಕ್ಷ ಡಾಲರಿನವರೆಗೂ ಬೆಲೆ ಇತ್ತು. ಸಾಲ ಮಾಡಿ ಕೊಂಡವರು ಊಬರ್ ಬಂದ ಮೇಲೆ ಮುಳುಗಿದರು. 2021ರಲ್ಲಿ ಚಾಲಕರು ಸಿಟಿ ಹಾಲ್ ಮುಂದೆ 15 ದಿನ ಉಪವಾಸ ಕೂತಾಗ ಮಮ್ದಾನಿಯೂ ಜೊತೆಗೆ ಉಪವಾಸ ಇದ್ದರು. ಕೊನೆಗೆ ನಗರ ಸಾಲ ಇಳಿಸಿತು. ಅದನ್ನು ಅವರು ಮರೆತಿರಲಿಲ್ಲ.

ಪಕ್ಷದೊಳಗಿನ ಚುನಾವಣೆ, ಅಂದರೆ ಪ್ರೈಮರಿ, ನಡೆದ ಜೂನ್ 24ರಂದು ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಕಲಬುರಗಿಯವರು ನಗಬಹುದು, ಆದರೆ ಸಿಮೆಂಟು ಕಾಡಿನಲ್ಲಿ ಅದು ಸಾಕಷ್ಟು ಸುಡುತ್ತದೆ. ಪ್ರೈಮರಿಯಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ನೋಂದಾಯಿಸಿದವರು ಮಾತ್ರ ಆ ಪಕ್ಷದ ಅಭ್ಯರ್ಥಿಯನ್ನು ಆರಿಸಬಹುದು. ಪಕ್ಷ ಬದಲಾಯಿಸೋಕೆ ಫೆಬ್ರವರಿ 14 ಕೊನೆಯ ದಿನವಾಗಿತ್ತು. ಇದು ಗೊತ್ತಿಲ್ಲದೆ ಪೆಚ್ಚಾದವರನ್ನು ಎಷ್ಟೋ ಬಾಗಿಲುಗಳಲ್ಲಿ ನೋಡಿದೆ. ಇನ್ನೊಂದು ತೊಡಕು, ಒಬ್ಬರಿಗಲ್ಲ, ಐದು ಜನರವರೆಗೆ ಒಂದು, ಎರಡು ಅಂತ ಕ್ರಮ ಕೊಡಬಹುದು. ಮಮ್ದಾನಿ ಇದನ್ನು ಹಿಂದಿ-ಉರ್ದು ವಿಡಿಯೋದಲ್ಲಿ ಮಾವಿನ ಲಸ್ಸಿ ಲೋಟಗಳನ್ನಿಟ್ಟು ವಿವರಿಸಿದ್ದರು.

ಎದುರಿಗಿದ್ದವರು ಆಂಡ್ರ್ಯೂ ಕುವೊಮೊ. ಹಿಂದೆ ರಾಜ್ಯದ ಗವರ್ನರ್ ಆಗಿದ್ದವರು, 2021ರಲ್ಲಿ ಲೈಂಗಿಕ ಕಿರುಕುಳದ ಆರೋಪಗಳ ನಡುವೆ ರಾಜೀನಾಮೆ ಕೊಟ್ಟವರು. ಅವರ ಪರವಾಗಿ ಹೊರಗಿನ ಸಮಿತಿಯೊಂದು ಸುರಿದ ಹಣವೇ 2 ಕೋಟಿ ಡಾಲರ್ ಮೀರಿತ್ತು. ಮಮ್ದಾನಿಯೋ, ವರ್ಷದ ಶುರುವಿನಲ್ಲಿ ಸಮೀಕ್ಷೆಯಲ್ಲಿ 1% ಇದ್ದವರು. ಮಾರ್ಚ್‌ನಲ್ಲೇ, ಖರ್ಚಿನ ಮಿತಿಗೆ ಸಾಕಾಗುವಷ್ಟು ಬಂದಿದೆ, ಇನ್ನು ದುಡ್ಡು ಕಳಿಸಬೇಡಿ, ಬಾಗಿಲು ತಟ್ಟೋಕೆ ಬನ್ನಿ ಅಂದುಬಿಟ್ಟರು. ಇಲ್ಲಿ ಸಣ್ಣ ದೇಣಿಗೆಗೆ ನಗರವೇ ಎಂಟು ಪಟ್ಟು ಸೇರಿಸಿ ಕೊಡುತ್ತದೆ, ಅದರಿಂದ ಆದದ್ದು. ಪ್ರೈಮರಿಯ ಅಂತಿಮ ಎಣಿಕೆಯಲ್ಲಿ 56% ಮಮ್ದಾನಿಗೆ, 44% ಕುವೊಮೊಗೆ.

ನವೆಂಬರ್ ಹೊತ್ತಿಗೆ ಸ್ವಯಂಸೇವಕರು 1 ಲಕ್ಷ ದಾಟಿದ್ದರು ಅಂತ ಪ್ರಚಾರ ತಂಡದ ಲೆಕ್ಕ. ಇದನ್ನು ‘ತಾನಾಗೇ ಎದ್ದ ಅಲೆ’ ಅಂತ ಪತ್ರಿಕೆಗಳು ಬರೆದಾಗ ನನಗೆ ಸಿಟ್ಟು ಬರುತ್ತಿತ್ತು. ಡಿಎಸ್‌ಎ ಅನ್ನುವ ಸಮಾಜವಾದಿ ಸಂಘಟನೆ, ದಕ್ಷಿಣ ಏಷ್ಯಾದ ಕೂಲಿಕಾರರ ನಡುವೆ ಕೆಲಸ ಮಾಡುವ ಡ್ರಮ್ ಬೀಟ್ಸ್, ಇವರೆಲ್ಲ ವರ್ಷಗಟ್ಟಲೆ ಮಣ್ಣು ಹೊತ್ತಿದ್ದಾರೆ. ನಮ್ಮ ಗುಂಪನ್ನು ನಡೆಸುತ್ತಿದ್ದವಳು ಕಾಲೇಜು ಹುಡುಗಿ. ಯಾರಿಗೆ ಮೊಣಕಾಲು ನೋವು, ಯಾರಿಗೆ ನೆಲಮಹಡಿ ಮನೆಗಳನ್ನೇ ಕೊಡಬೇಕು ಅನ್ನೋದೂ ಅವಳ ಪುಸ್ತಕದಲ್ಲಿತ್ತು. ಅರ್ಧ ಜನಕ್ಕೆ ನನ್ನ ಹಾಗೇ ಓಟಿರಲಿಲ್ಲ.

ಮುಖ್ಯ ಚುನಾವಣೆ ನವೆಂಬರ್ 4, ಮಂಗಳವಾರ. ನಮ್ಮಲ್ಲಿಯ ಹಾಗೆ 48 ಗಂಟೆ ಮೊದಲು ಪ್ರಚಾರ ನಿಲ್ಲಿಸುವ ನಿಯಮ ಇಲ್ಲ. ಮತಗಟ್ಟೆಯಿಂದ 100 ಅಡಿ ದೂರ ಇದ್ದರೆ ರಾತ್ರಿ 9ರವರೆಗೂ ಕೇಳಬಹುದು. 20 ಲಕ್ಷಕ್ಕೂ ಹೆಚ್ಚು ಜನ ಓಟು ಹಾಕಿದರು. ಮೇಯರ್ ಚುನಾವಣೆಗೆ 1969ರಿಂದೀಚೆಗೆ ಇಷ್ಟು ಜನ ಬಂದಿರಲಿಲ್ಲ. ಮಮ್ದಾನಿಗೆ ಅರ್ಧಕ್ಕಿಂತ ಜಾಸ್ತಿ. ಗೆದ್ದ ರಾತ್ರಿಯ ಭಾಷಣದಲ್ಲಿ ನೆಹರೂ ಮಾತು ಬಂದಿದ್ದನ್ನು ನೀವೂ ನೋಡಿರುತ್ತೀರಿ. ನಾನು ನೋಡಿದ್ದು ಮರುದಿನ. ಆ ರಾತ್ರಿ ಕಾಲು ಬಿಸಿನೀರಿನಲ್ಲಿಟ್ಟು ನಿದ್ದೆ ಹೋಗಿದ್ದೆ.

2026ರ ಜನವರಿ 1ರಿಂದ ಅವರು ಮೇಯರ್. ಬಸ್ಸು ಉಚಿತ ಆಗಿಲ್ಲ. ಬದಲಿಗೆ 2.90 ಡಾಲರ್ ಇದ್ದ ದರ 3 ಡಾಲರ್ ಆಗಿದೆ. ಬಸ್ಸು, ರೈಲು ನಡೆಸುವ ಸಂಸ್ಥೆ ರಾಜ್ಯದ ಕೈಯಲ್ಲಿದೆ, ಮೇಯರ್ ಒಬ್ಬರೇ ಏನೂ ಮಾಡುವ ಹಾಗಿಲ್ಲ. ಇದನ್ನು ನಾವು ಬಾಗಿಲುಗಳಲ್ಲಿ ಅಷ್ಟು ಬಿಡಿಸಿ ಹೇಳುತ್ತಿರಲಿಲ್ಲ, ನಿಜ. ಬಾಡಿಗೆಯ ವಿಷಯ ಬೇರೆ. ಮಂಡಳಿಯ ಮುಂದಿನ ತೀರ್ಮಾನ ಜೂನ್ ಹೊತ್ತಿಗೆ ಬರಬೇಕು. ಅದಕ್ಕೂ ಮುಂಚೆ ಸಾರ್ವಜನಿಕ ಅಹವಾಲು ಸಭೆಗಳಿರುತ್ತವೆ. ಅಲ್ಲಿ ಎದ್ದು ನಿಂತು ಮಾತಾಡೋಕೆ ಪೌರತ್ವ ಕೇಳುವುದಿಲ್ಲ. ಕ್ವೀನ್ಸ್‌ನಿಂದ ಯಾರು ಯಾರು ಹೋಗೋದು ಅಂತ ಕಾಲೇಜು ಹುಡುಗಿ ಆಗಲೇ ಪಟ್ಟಿ ಶುರು ಮಾಡಿದ್ದಾಳೆ. ಎಲ್ಮ್‌ಹರ್ಸ್ಟ್ ಅಜ್ಜಿಯನ್ನು ಕೇಳಿಬರುವ ಕೆಲಸ ನನ್ನ ಪಾಲಿಗೆ ಬಂದಿದೆ.